ಮಾವನನ್ನು ದಾರಿಯಲ್ಲೇ ಬಿಟ್ಟು ಬಂದ ಕಾರು

ನಾನು ಕಾರು ಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ನಕ್ಕರು. ಬೇಡ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಆಗ ನಾವು ಮೂಕಂಡಪಲ್ಲಿಯ ಒಂದು ವಠಾರದಲ್ಲಿದ್ದೆವು. ಹತ್ತಿರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳೆದು ನೋಡುವುದು ನನ್ನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಪಕ್ಕಕ್ಕೆ ಎಸೆಯುತ್ತಿದ್ದೆ. ನನ್ನ ಗಂಡನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಡ್ರೈವಿಂಗ್ ಸ್ಕೂಲಿಗೆ ಸೇರಿದವಳು ನಾನು. ಕಲಿಸುವ ಮೇಷ್ಟ್ರ ಕಾಲಡಿಯಲ್ಲೂ ಒಂದು ಬ್ರೇಕ್ ಇದ್ದುದರಿಂದ, ಲೈಸೆನ್ಸ್ ಕೈಗೆ ಬರುವವರೆಗೂ ಆ ಗಾಡಿ ಓಡಿಸಿದ್ದು ನಾನೋ ಅವರೋ ಎಂಬುದು ನನಗೆ ಇಂದಿಗೂ ಖಚಿತವಿಲ್ಲ.

ಕೃಷ್ಣಗಿರಿಯಲ್ಲಿ ನಿವೃತ್ತ ಸರ್ಕಾರಿ ನೌಕರರೊಬ್ಬರು ತಮ್ಮ ಹಳೆಯ ಸಣ್ಣ ಕಾರನ್ನು ಮಾರುತ್ತಿದ್ದಾರೆಂದು ಸುದ್ದಿ ಬಂತು. ಪರೀಕ್ಷೆ ಮಾಡಲು ಅಂಚೆಟ್ಟಿ ಕಡೆಯ ಹಳ್ಳಿಯಿಂದ ಸೋದರಮಾವನನ್ನು ಕರೆಸಿದೆ. ಮಾವ ಹರೆಯದಲ್ಲಿ ಕೆಲಕಾಲ ಲಾರಿಯ ಕ್ಲೀನರ್ ಆಗಿದ್ದವನು. ಆಮೇಲೆ ಬದುಕೆಲ್ಲ ರಾಗಿ ಹೊಲದಲ್ಲೇ ಕಳೆದರೂ ನೆಂಟರಿಷ್ಟರಲ್ಲಿ ಎಂಜಿನ್ ಇರುವ ಯಾವ ವಸ್ತುವಿಗಾದರೂ ಅವನದೇ ಕೊನೆಯ ಮಾತು.

ಕಾರು ಮನೆಯ ಮುಂದೆ ಬಟ್ಟೆ ಹೊದ್ದು ನಿಂತಿತ್ತು. ಕಾರಿನ ಯಜಮಾನರು ಹೊದಿಕೆ ತೆಗೆದು, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡರು. ಮಾವ ನೇರ ಹೋಗಿ ಮುಂದಿನ ಟೈರಿಗೆ ಜಾಡಿಸಿ ಒಂದು ಒದ್ದ.

"ಅಯ್ಯೋ, ಯಾಕ್ರೀ ಒದೀತೀರ? ಅದು ನಿಮ್ಗೆ ಏನ್ ಮಾಡ್ತು?" ಎಂದರು ಯಜಮಾನರು. ಅವರದು ತಮಿಳು ಬೆರೆತ ಕನ್ನಡ.

"ಟೈರ್ ನೋಡೋದೇ ಹಂಗೆ ಸಾಮಿ," ಎಂದ ಮಾವ ಬಾನೆಟ್ ಎತ್ತಿ ಒಳಗೆ ದಿಟ್ಟಿಸಿದ. ಬಹಳ ಹೊತ್ತು ದಿಟ್ಟಿಸಿದ. ಕೊನೆಗೆ "ಹೂಂ" ಎಂದು ಮುಚ್ಚಿದ. ಏನು ಕಂಡಿತೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಾನೂ ಸುಮ್ಮನಿರಲಿಲ್ಲ. ಚೀಲದಿಂದ ಸ್ಟೀಲ್ ಸ್ಕೇಲ್ ತೆಗೆದು ಬಾಗಿಲುಗಳ ಸಂದು ಅಳೆದೆ. ಎಡಗಡೆಯದು ಬಲಗಡೆಗಿಂತ ಅಗಲವಾಗಿತ್ತು. "ಇದು ಎಲ್ಲೋ ಗುದ್ದಿಸ್ಕೊಂಡೈತೆ," ಎಂದೆ.

"ಗೇಟಿಗೆ ಲೈಟಾಗಿ ತಾಗಿತ್ತಮ್ಮಾ. ಅಷ್ಟೇ."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಗೇಟೇ ಬಿದ್ದೋಯ್ತು. ಅದನ್ನೂ ಹೇಳಿ!"

ಯಜಮಾನರು ಮಾತು ಬದಲಿಸಿದರು. ಕಾರನ್ನು ಎಲ್ಲಿ ನಿಲ್ಲಿಸುತ್ತೀರಿ, ನೆರಳಿದೆಯೇ, ಯಾರು ಓಡಿಸುವುದು ಎಂದೆಲ್ಲ ವಿಚಾರಿಸಿದರು. "ನಾನೇ" ಎಂದೆ. ಅವರು ಮಾವನ ಮುಖ ನೋಡಿದರು. ಮಾವ ಆಕಾಶ ನೋಡಿದ. ಹಾಗಾದರೆ ನೀವು ಓಡಿಸುವುದನ್ನು ನೋಡದೆ ಕೊಡುವುದಿಲ್ಲ ಎಂದು ಯಜಮಾನರು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ಮಾವ ಹಿಂದೆ ಹತ್ತಿದ. ಕಾರನ್ನು ಪರೀಕ್ಷಿಸಲು ಹೋದವಳು ನಾನೇ ಪರೀಕ್ಷೆಗೆ ಕೂತಿದ್ದೆ.

ರಾಯಕೋಟೆ ರಸ್ತೆಯುದ್ದಕ್ಕೂ ಅವರ ಬಾಯಲ್ಲಿ ಒಂದೇ ಮಾತು: "ಮೆದುವಾ ಅಮ್ಮಾ, ಮೆದುವಾ." ನಾನು ಎಷ್ಟು ಮೆಲ್ಲಗೆ ಹೋದೆನೆಂದರೆ ಒಬ್ಬ ಸೈಕಲ್ಲಿನವನು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ಮುಂದೆ ಹೋದ. ಮಾವಿನ ಮಂಡಿಯೊಂದರ ಎದುರು ಹಣ್ಣಿನ ಲಾರಿ ಅಡ್ಡ ಬಂತು. ಬ್ರೇಕ್ ತುಳಿದೆ, ಕ್ಲಚ್ ಮರೆತೆ. ಕಾರು ಒಮ್ಮೆ ಕುಪ್ಪಳಿಸಿ ನಿಂತಿತು. ಕೀ ತಿರುಗಿಸಿದರೆ ಕಟಕಟ ಎಂಬ ಶಬ್ದವಷ್ಟೇ.

"ತಳ್ಳಬೇಕು," ಎಂದ ಮಾವ ಪಂಚೆ ಎತ್ತಿಕಟ್ಟಿ ಇಳಿದು ಹಿಂದಿನಿಂದ ತಳ್ಳಿದ. ಕಾರು ಕೆಮ್ಮಿತು, ಒದರಿತು, ಹೊರಟಿತು. ನಾನು ನಿಲ್ಲಿಸಲು ಕಾಲು ಎತ್ತುವಷ್ಟರಲ್ಲಿ ಯಜಮಾನರು ಕೂಗಿಕೊಂಡರು: "ನಿಲ್ಲಿಸ್ಬೇಡಿ! ನಿಂತ್ರೆ ಮತ್ತೆ ಸ್ಟಾರ್ಟ್ ಆಗಲ್ಲ!"

ಹೇಳಿದ ಮೇಲೆ ತಾವು ಹೇಳಿದ್ದೇನೆಂದು ಅವರಿಗೇ ಹೊಳೆಯಿತು. ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಕನ್ನಡಿಯಲ್ಲಿ ಮಾವ ಒಂದು ಚಪ್ಪಲಿ ಕೈಯಲ್ಲಿ ಹಿಡಿದು ಬೀಸುತ್ತಾ ಓಡಿ ಬರುತ್ತಿದ್ದ. "ಲೇ ಅಮ್ಮಯ್ಯ, ನಿಲ್ಸೇ! ನಾನಿನ್ನೂ ಗಾಡಿ ಅತ್ತಿಲ್ಲ ಕಣೇ!" ಆಮೇಲೆ ಅವನು ಚಿಕ್ಕವನಾಗುತ್ತಾ ಹೋಗಿ ಕಾಣದಾದ.

ನಿಲ್ಲಿಸದೆ ತಿರುಗಿಸಲು ಜಾಗ ಬೇಕಿತ್ತು. ಪೆಟ್ರೋಲ್ ಬಂಕೊಂದರೊಳಗೆ ನುಗ್ಗಿ, ಪಂಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ವಾಪಸ್ ಬಂದೆವು. ಮಾವ ಮಂಡಿಯ ಜಗುಲಿಯಲ್ಲಿ ಹಮಾಲರ ನಡುವೆ ಕೂತು ಮಾವಿನ ಹಣ್ಣು ಚೀಪುತ್ತಿದ್ದ. ಮೀಸೆಯೆಲ್ಲ ರಸ. ನಾನು ನಿಧಾನ ಮಾಡಿದೆ, ಪೂರ್ತಿ ನಿಲ್ಲಿಸಲಿಲ್ಲ. ಅವನು ಓಡಿ ಬಂದು ಹಾರಿ ಕೂತ. ಹಮಾಲರು ಶಿಳ್ಳೆ ಹಾಕಿದರು.

"ಇಂಜಿನ್ ಗಟ್ಟಿಯಾಗೈತೆ," ಎಂದ ಏದುಸಿರು ಬಿಡುತ್ತಾ. "ಬ್ಯಾಟ್ರಿ ಸತ್ತೋಗೈತೆ. ನಿನ್ ಡ್ರೈವಿಂಗ್ ಇಚಾರ ಮನೇಗೋಗಿ ಮಾತಾಡಾಣ."

ಹೊಸ ಬ್ಯಾಟರಿ ಹಾಕಿಸಿ ಕೊಡಲು ಯಜಮಾನರು ಚಕಾರವೆತ್ತದೆ ಒಪ್ಪಿದರು. ಅವರ ಹೆಂಡತಿ ಕಾಫಿ ತಂದುಕೊಟ್ಟು, "ತಕ್ಕೊಂಡೋಗಮ್ಮಾ ಬೇಗ. ಈ ಮನೇಲಿ ಇವ್ರು ನನ್ ಮುಖ ನೋಡಿದ್ದಕ್ಕಿಂತ ಅದರ ಮುಖ ಒರೆಸಿದ್ದೇ ಜಾಸ್ತಿ," ಎಂದರು.

ಕಾರು ನಮ್ಮದಾಯಿತು ಎಂದುಕೊಂಡದ್ದು ತಪ್ಪು. ಯಜಮಾನರು ಆಗಾಗ ಬಸ್ಸು ಹತ್ತಿ ಮೂಕಂಡಪಲ್ಲಿಗೆ ಬರತೊಡಗಿದರು. "ಈ ಕಡೆ ಕೆಲ್ಸ ಇತ್ತು," ಎನ್ನುವರು. ಆಯಿಲ್ ನೋಡುವರು, ಹಿಂದಿನ ಸೀಟಿನಲ್ಲಿ ಸಿಕ್ಕಿದ ರಾಗಿ ಹುಲ್ಲಿನ ಎಳೆಯನ್ನು ಎರಡು ಬೆರಳಲ್ಲಿ ಎತ್ತಿ ನನ್ನತ್ತ ನೋಡುವರು. ಮಾವನ ಊರಿಗೆ ಬಸ್ಸು ಅಪರೂಪ. ನಾನು ಅತ್ತ ಹೋದರೆ ದಾರಿಯಲ್ಲಿ ನಡೆದು ಹೋಗುವವರೆಲ್ಲ ಕೈ ಅಡ್ಡ ಹಿಡಿಯುತ್ತಿದ್ದರು, ನಾನು ಹತ್ತಿಸಿಕೊಳ್ಳುತ್ತಿದ್ದೆ. ಇದನ್ನೆಲ್ಲ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ವಾಸಿ ಎನ್ನಿಸಿ ಒಂದು ಭಾನುವಾರ ಯಜಮಾನರನ್ನೂ ಕರೆದುಕೊಂಡು ಹೊರಟೆ.

ಅಂಚೆಟ್ಟಿ ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಒಂದು ಸಂಸಾರವೇ ಇತ್ತು. ಜಾಗ ಸಾಲದೆ ಅವರ ಮೇಕೆ ಮರಿ ಯಜಮಾನರ ತೊಡೆಯೇರಿತು. ಕಡಿದಾದ ದಿಣ್ಣೆಯಲ್ಲಿ ಕಾರು ಇಷ್ಟು ಜನರನ್ನು ಹೊರಲಾರೆನೆಂದು ಮುಷ್ಕರ ಹೂಡಿತು. ಎಲ್ಲರೂ ಇಳಿದು ನಡೆದರು. ಖಾಲಿ ಕಾರನ್ನು ಮೇಲೆ ಹತ್ತಿಸಿ ನಿಲ್ಲಿಸಿ ನೋಡಿದರೆ, ಇಸ್ತ್ರಿ ಅಂಗಿಯ ಯಜಮಾನರು ಮರಿಯನ್ನು ಅಪ್ಪಿಕೊಂಡು, ಬೆವರುತ್ತಾ, ಆ ಸಂಸಾರದ ಹೆಂಗಸಿನ ಹತ್ತಿರ ಮರಿಯ ಬೆಲೆ ವಿಚಾರಿಸುತ್ತಾ ಬರುತ್ತಿದ್ದರು.

ಮಾವನ ಮನೆಯಲ್ಲಿ ಮುದ್ದೆ, ಹುರುಳಿ ಸಾರು. "ಇಂಥ ಕಳಿ ಉಂಡು ಎಷ್ಟು ದಿನ ಆಯ್ತು," ಎಂದು ಯಜಮಾನರು ಇನ್ನೊಂದು ಮುದ್ದೆ ಹಾಕಿಸಿಕೊಂಡು ಅಂಗಳದ ಮಂಚದ ಮೇಲೆ ಒರಗಿದರು. ಸ್ವಲ್ಪ ಹೊತ್ತಿಗೆ ಮಾವನ ಕೋಳಿಯೊಂದು ಕಾರಿನ ಬಾನೆಟ್ ಏರಿ ಕೆದಕತೊಡಗಿತು. ನಾನು ಗಾಬರಿಯಿಂದ ಓಡಿಸಲು ಎದ್ದೆ. ಯಜಮಾನರು ಒಂದು ಕಣ್ಣು ತೆರೆದು ನೋಡಿದರು.

"ಇರ್ಲಿ ಬಿಡಮ್ಮಾ," ಎಂದರು. "ನಿಮ್ ಕಾರು, ನಿಮ್ ಕೋಳಿ."

ಮಗ್ಗುಲಾಗಿ ಗೊರಕೆ ಹೊಡೆದರು. ಮಾರನೆಯ ದಿನ ಅವರ ಹೆಂಡತಿಯ ಫೋನು ಬಂತು. ನಿನ್ನೆ ಇಡೀ ದಿನ ಮನೆ ಬಹಳ ನೆಮ್ಮದಿಯಾಗಿತ್ತು, ಇವರನ್ನು ಮತ್ತೆ ಯಾವಾಗ ಕರೆದುಕೊಂಡು ಹೋಗುತ್ತೀಯ ಎಂದು ಕೇಳಿದರು.