ನನ್ನ ಹುಳು, ಅತ್ತಿಗೆಯ ತಿಪ್ಪೆ

ತಾವೇ ಸಾಕಿದ ಹುಳುಗಳನ್ನು ಪಕ್ಕದವರ ತಿಪ್ಪೆಯಿಂದ ಚೌಕಾಸಿ ಮಾಡಿ ವಾಪಸ್ ತಂದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನು ಹೋದ ಶುಕ್ರವಾರ ತಂದೆ.

ನಾನು ಎರೆಹುಳು ಸಾಕಿ ಮಾರುವುದು ನಿಮಗೆ ಗೊತ್ತೇ ಇದೆ. (ಎರೆಗೊಬ್ಬರ ಮಾರುವವರು ಬಹಳ ಜನ. ಹುಳುವನ್ನೇ ಮಾರಿ ನೋಡಿ, ಲಾಭ ಅಲ್ಲಿದೆ. ಅರ್ಧ ಮಾರಿದರೂ ಉಳಿದರ್ಧ ತಾನಾಗಿಯೇ ತೊಟ್ಟಿ ತುಂಬಿಸುತ್ತದೆ. ಬೇರೆ ಯಾವ ಸರಕು ಹೀಗೆ ಮಾಡುತ್ತದೆ?) ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆ ಬದಿಯಲ್ಲಿ ನಮ್ಮ ತೋಟ. ಅಲ್ಲಿ ನಾಲ್ಕು ಸಿಮೆಂಟ್ ತೊಟ್ಟಿ.

ವಯನಾಡಿನಿಂದ ಬಂದು ಇಲ್ಲಿ ಗುತ್ತಿಗೆ ಜಮೀನಿನಲ್ಲಿ ಶುಂಠಿ ಬೆಳೆಯುವ ಜೋಸಣ್ಣ ತಾವೂ ತೊಟ್ಟಿ ಕಟ್ಟಿಸಿದ್ದರು. ಅದಕ್ಕೆ ಹುಳುವೆಲ್ಲ ನನ್ನಿಂದಲೇ ಕೊಳ್ಳುವುದೆಂದು ಮಾತಾಗಿತ್ತು. ಅಷ್ಟು ದೊಡ್ಡ ಆರ್ಡರ್ ನನಗೆ ಮೊದಲನೆಯದು. ಅವರು ಒಪ್ಪಿದರೆ ಸುತ್ತಲಿನ ಶುಂಠಿಯವರೆಲ್ಲ ಬರುತ್ತಾರೆ. ಶನಿವಾರ ಬೆಳಿಗ್ಗೆ ಪಿಕಪ್ ತರುತ್ತೇನೆ ಎಂದಿದ್ದರು.

ಅದೇ ವಾರ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯವನೊಬ್ಬ ಕೊಳೆತ ಈರುಳ್ಳಿ, ಸಿಪ್ಪೆ ಎಸೆಯಲು ಜಾಗ ಹುಡುಕುತ್ತಿದ್ದ. ನಾನು ಬಿಡುತ್ತೇನೆಯೇ? ಪುಕ್ಕಟೆ ಕೊಟ್ಟರೆ ಸಾಲದು, ತೋಟದವರೆಗೆ ನಿನ್ನ ಆಟೋದಲ್ಲೇ ತಂದು ಸುರಿ ಎಂದು ಒಪ್ಪಿಸಿದೆ. ಹುಳು ಕೊಬ್ಬಲಿ ಎಂದು ನಾಲ್ಕೂ ತೊಟ್ಟಿಗೆ ತುಂಬಿದೆ.

ಶುಕ್ರವಾರ ಬೆಳಿಗ್ಗೆ ಮೇಲಿನ ಗೋಣಿತಾಟು ಎತ್ತಿ ಕೈ ಹಾಕಿದರೆ ಒಳಗೆ ಬಿಸಿ. ಕೆದಕಿದೆ. ಒಂದು ಹುಳುವೂ ಇಲ್ಲ. ಪಕ್ಕದ ತೊಟ್ಟಿ ನೋಡಿದೆ, ಅದರ ಪಕ್ಕದ್ದು ನೋಡಿದೆ. ಈರುಳ್ಳಿ ಘಾಟು ಬಿಟ್ಟರೆ ಏನೂ ಇಲ್ಲ.

‘ಎಲ್ಲ ಸತ್ತೋದೊ ಕಣಮ್ಮಿ’ ಎಂದು ಹೆಂಡತಿ ರಾಜಮ್ಮನನ್ನು ಕೂಗಿ ಕರೆದೆ.

ಅವಳು ಮೂಗಿಗೆ ಸೆರಗು ಹಿಡಿದು ತೊಟ್ಟಿಯೊಳಗೆ ಬಗ್ಗಿದಳು. ‘ಸತ್ತಿದ್ರ ಎಣ ಎಲ್ಲಿ? ಎಲ್ಗಾರ ಓಗವ ಕಣ. ಈ ಗಾಟ್ಗ ನಾನಾಗಿದ್ರೂ ಎದ್ದೋಯ್ತಿದ್ದಿ.’

ಹೋಗುವುದಾದರೂ ಎಲ್ಲಿಂದ? ನಾಲ್ಕೂ ತೊಟ್ಟಿಯ ಹೆಚ್ಚಿನ ನೀರು ಹರಿಯಲೆಂದು ತಳದಲ್ಲಿ ಪೈಪ್ ಇಟ್ಟಿದ್ದೆ. ಇಳಿಜಾರು ಆ ಕಡೆಗೇ ಇದ್ದದ್ದರಿಂದ ಅದರ ಬಾಯಿ ಬೇಲಿಯಾಚೆ ಗೌರತ್ತಿಗೆಯ ತಿಪ್ಪೆಗೆ ತೆರೆದಿತ್ತು. (ಗೌರಮ್ಮ ನಮ್ಮ ದೊಡ್ಡಪ್ಪನ ಸೊಸೆ.) ‘ಪೈಪ್ ತಿರುಗ್ಸಪ್ಪ’ ಎಂದು ಅವರು ಹೇಳಿ ಹೇಳಿ ಸಾಕಾಗಿದ್ದರು. ‘ಗೊಬ್ಬರದ ನೀರು ಅತ್ಗೆ, ಪುಕ್ಕಟೆ’ ಎಂದು ನಾನು ನಗುತ್ತಿದ್ದೆ.

ಈಗ ನೋಡಿದರೆ ಆ ತಿಪ್ಪೆಯ ಮೇಲೆ ಗೊರವಂಕಗಳ ಸಂತೆ. ಓಡಿಹೋಗಿ ಹಕ್ಕಿಗಳನ್ನು ಅಟ್ಟಿ, ತಂಪಾದ ಸಗಣಿಯನ್ನು ಒಂದು ಹಿಡಿ ಕೆದಕಿದೆ. ಕೆಂಪಗೆ, ಮುದ್ದೆ ಮುದ್ದೆ. ನನ್ನವೇ. ಹೋದ ಜೀವ ಬಂದಂತಾಯಿತು.

ಹಕ್ಕಿಗಳ ಗಲಾಟೆಗೆ ಅತ್ತಿಗೆ ಹೊರಗೆ ಬಂದರು. ‘ವಸಿ ತಿಪ್ಪ ತುಂಬ್ಕೋತೀನಿ ಅತ್ಗೆ.’

‘ಸುಕ್ರಾರ ಯಾರಾರ ತಿಪ್ಪ ಕೊಟ್ಟಾರೇನಪ್ಪ ಮಾದೇಸ? ಲಕ್ಸ್ಮಿ ಕಣ ಅದು. ನಾಳ ಬಾ.’

‘ನಾಳ ಬೆಳಿಗ್ಗನೇ ಗಾಡಿ ಬತ್ತದ. ಒಳಗಿರೋವು ನನ್ನ ಉಳ.’

‘ನಿನ್ನವಾ? ಎಸರು ಬರ್ದಿದ್ದಿಯಾ ಅವುಕ್ಕ?’

ಇಂಥ ಕಡೆ ವಾದ ಮಾಡಬೇಡಿ. ಶಾಸ್ತ್ರ ಹಿಡಿದವರ ಹತ್ತಿರ ಶಾಸ್ತ್ರದೊಳಗೇ ದಾರಿ ಹುಡುಕಬೇಕು. ‘ನೀವು ಕೊಡ್ಲೇಬ್ಯಾಡಿ. ಬದ್ಲು ಮಾಡ್ಕಳವ. ಮೊದ್ಲು ನಾನೊಂದು ಮಂಕರಿ ಸುರಿತೀನಿ, ಆಮೇಲೆ ಒಂದು ಮಂಕರಿ ಎತ್ಕೋತೀನಿ. ನಿಮ್ಮ ತಿಪ್ಪ ಒಂದಿಡಿನೂ ಕಮ್ಮಿಯಾಗಲ್ಲ’ ಎಂದೆ.

ಅತ್ತಿಗೆ ಬೇಲಿಯಾಚೆ ನನ್ನ ಚೀಲಗಳತ್ತ ಕೈ ತೋರಿಸಿದರು. ‘ಆ ಈರುಳ್ಳಿ ಗಬ್ಬ ನನಗ್ಯಾಕ? ಜರಡಿ ಇಡ್ದು ಚೀಲ ತುಂಬಿಟ್ಟಿದ್ದೀಯಲ್ಲ, ಅದ ತಂದು ಸುರಿ.’

ಚೀಲದಲ್ಲಿದ್ದದ್ದು ಮಾರಾಟಕ್ಕಿಟ್ಟ ಎರೆಗೊಬ್ಬರ. ಚೌಕಾಸಿಗೆ ಬಾಯಿ ತೆರೆದೆ. ಅಷ್ಟರಲ್ಲಿ ಗೊರವಂಕಗಳು ವಾಪಸ್ ಬಂದು ಕೂತವು. ಚೀಲ ತರಲು ಓಡಿದೆ.

ಮಧ್ಯಾಹ್ನದವರೆಗೆ ಮಂಕರಿಗೆ ಮಂಕರಿ: ಒಂದು ಬುಟ್ಟಿ ಎರೆಗೊಬ್ಬರ ಸುರಿ, ಒಂದು ಬುಟ್ಟಿ ಸಗಣಿ ಎತ್ತು. ಎತ್ತಿ ತಂದ ಸಗಣಿಯನ್ನು ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿದೆವು. (ಬೆಳಕು ಕಂಡರೆ ಹುಳು ತಳಕ್ಕಿಳಿಯುತ್ತದೆ. ಮೇಲಿಂದ ಕೆರೆಯುತ್ತಾ ಹೋದರೆ ಕೊನೆಗೆ ಹುಳುವಿನ ಉಂಡೆಯೇ ಸಿಗುತ್ತದೆ. ಆರಿಸುತ್ತಾ ಕೂರಬೇಡಿ.) ಶನಿವಾರ ಜೋಸಣ್ಣ ಬಂದರು, ಹುಳು ತುಂಬಿಟ್ಟ ಟಬ್ಬಿಗೆ ಕೈ ಹಾಕಿ ಅಲ್ಲಾಡಿಸಿದರು. ‘ಒಳ್ಳೆ ಜೀವ ಉಂಟು ಮಾದೇಶಣ್ಣ. ಏನು ಹಾಕ್ತೀರಿ ತಿನ್ನೋಕೆ?’

ಅದು ವ್ಯಾಪಾರದ ಗುಟ್ಟು ಎಂದೆ. ಪಿಕಪ್ ತಿರುವು ದಾಟಿದ ಮೇಲೆ ರಾಜಮ್ಮ ಬಿದ್ದೂ ಬಿದ್ದೂ ನಕ್ಕಳು. ಎರಡು ದಿನದಲ್ಲಿ ಮೊದಲ ಸಲ ನಾನೂ ನಕ್ಕೆ.

ನಿಮಗೆ ಗುಟ್ಟು ಹೇಳುತ್ತೇನೆ. ಈರುಳ್ಳಿ ತೊಟ್ಟಿಗೆ ಹಾಕಬೇಡಿ, ಅದರ ಕಾವು, ಘಾಟು ಎರಡೂ ಹುಳುವಿಗೆ ಆಗದು. ಕೈಕಾಲಿಲ್ಲದ ಜೀವವೇ ಒಗ್ಗದ ಕಡೆಯಿಂದ ಎದ್ದು ಹೊರಟಿತು. ಪುಕ್ಕಟೆ ಎಂದರೆ ಮೂಗು ಮುಚ್ಚಿಕೊಂಡಾದರೂ ಒಳಗೆ ಬಿಟ್ಟುಕೊಳ್ಳುವುದು ನಾವೇ ಅಲ್ಲವೇ?

ಭಾನುವಾರ ಪೈಪ್ ತಿರುಗಿಸಲು ಹೋದೆ. ಬೇಲಿಯಾಚೆಯಿಂದ ಅತ್ತಿಗೆಯ ದನಿ ಬಂತು. ‘ಮುಟ್ಬ್ಯಾಡ ಕಣಪ್ಪ. ಅದು ಇದ್ದಂಗೇ ಇರ್ಲಿ ಬುಡು.’

ಮಂಡಿಯವನು ಮತ್ತೆ ಫೋನ್ ಮಾಡಿದ್ದಾನೆ. ಇನ್ನೊಂದು ಆಟೋ ಈರುಳ್ಳಿ ಇದೆಯಂತೆ, ಪುಕ್ಕಟೆ. ಅತ್ತಿಗೆಯ ತಿಪ್ಪೆಯಲ್ಲಿ ಉಳಿದ ನನ್ನ ಹುಳು ಅದೇ ಪೈಪ್ ಹಿಡಿದು ವಾಪಸ್ ಬರಲಿ, ಅವನಿಗೆ ಆ ತಿಪ್ಪೆಗೇ ದಾರಿ ತೋರಿಸಿಬಿಡಲೇ?