ಟ್ಯಾಂಕಿಗೆ ಹಾಕಿದ ಬೀಗ

ನಿನ್ನೆ ಜನರೇಟರಿಗೆ ಡೀಸೆಲ್ ಸುರಿಯಲು ಹೋಗಿ ಕೈಗೆಲ್ಲ ಚೆಲ್ಲಿಕೊಂಡೆ. ಎರಡು ಸಲ ಸೋಪು ಹಾಕಿ ತೊಳೆದರೂ ವಾಸನೆ ಹೋಗಲಿಲ್ಲ. ಊಟಕ್ಕೆ ಕೂತರೆ ಸಾರಿಗಿಂತ ಮೊದಲು ಅದೇ ಮೂಗಿಗೆ ಬಂತು. ಅದರ ಹಿಂದೆಯೇ ಹುತ್ತೂರಿನ ದೊಡ್ಡಪ್ಪನ ಮನೆಯೂ ಬಂತು.

ಬಿ.ಎ. ಮುಗಿಸಿದ್ದೆ. ಮುಂದೇನು ಎಂದು ಯಾರಾದರೂ ಕೇಳಿದರೆ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದ ಕಾಲ. ಆ ವರ್ಷವೆಲ್ಲ ಅವರ ಮನೆಯಲ್ಲಿದ್ದೆ. ದೊಡ್ಡಪ್ಪನಿಗೊಂದು ಟ್ರ್ಯಾಕ್ಟರ್, ಓಡಿಸಲು ನಾರಾಯಣಪ್ಪಣ್ಣ. ಎಂಟು ವರ್ಷದಿಂದ ಇದ್ದರು. ಆ ಮನೆಗೆ ಟ್ರ್ಯಾಕ್ಟರಿಗಿಂತ ಅವರೇ ಹಳಬರು.

ಟ್ಯಾಂಕಿನ ಡೀಸೆಲ್ ಕಡಿಮೆಯಾಗುತ್ತಿದೆ ಎಂಬ ಅನುಮಾನ ದೊಡ್ಡಪ್ಪನಿಗೆ ಬಂದದ್ದು ಆಗಲೇ. ಹಿಪ್ಪುನೇರಳೆ ಕಡ್ಡಿ ಇಳಿಬಿಟ್ಟು ಅಳೆದರು. ಕೋಲಾರದಿಂದ ಬೀಗವಿರುವ ಮುಚ್ಚಳ ತಂದರು. ಅದಕ್ಕೆ ಎರಡು ಕೀ: ಒಂದು ದೇವರ ಗೂಡಿನಲ್ಲಿ, ಇನ್ನೊಂದು ನಾರಾಯಣಪ್ಪಣ್ಣನ ಹತ್ತಿರ. ಆದರೂ ಡೀಸೆಲ್ ಇಳಿಯುವುದು ನಿಲ್ಲಲಿಲ್ಲ. ಟ್ರ್ಯಾಕ್ಟರನ್ನು ಜಗಲಿಯೆದುರು ನಿಲ್ಲಿಸಿ ಮಧ್ಯಾಹ್ನದ ಕಾವಲಿಗೆ ನನ್ನನ್ನು ಕೂರಿಸಿದರು. ಮನೆಯಲ್ಲಿ ಕೆಲಸವಿಲ್ಲದವಳು ನಾನೊಬ್ಬಳೇ ತಾನೇ. ಪುಸ್ತಕದ ಪುಟ ತಿರುಗಿಸುವ ಮೊದಲೇ ತೂಕಡಿಸುತ್ತಿದ್ದೆ.

ಒಂದು ಮಧ್ಯಾಹ್ನ ಮಾತ್ರ ಎಚ್ಚರವಿತ್ತು. ದೊಡ್ಡಮ್ಮ ಟ್ಯಾಂಕಿನ ಬೀಗ ಹಾಕಿ, ಐದು ಲೀಟರಿನ ಕ್ಯಾನನ್ನು ಸೆರಗಿನ ಮರೆಯಲ್ಲಿ ಹಿಡಿದು ಹಿತ್ತಲ ಕಡೆಗೆ ಹೋದಳು. ನಾನು ಕಣ್ಣು ಮುಚ್ಚಿಕೊಂಡೆ.

ದೊಡ್ಡಪ್ಪ ನಾರಾಯಣಪ್ಪಣ್ಣನನ್ನು ಏನೂ ಕೇಳಲಿಲ್ಲ. ಒಂದು ಸಂಜೆ, "ಕೀ ಇಲ್ಲಿ ಕೊಟ್ಟು ಹೋಗಪ್ಪಾ" ಎಂದರು, ಅಷ್ಟೆ. ಅವರು ದೊಡ್ಡಪ್ಪನ ಮುಖ ನೋಡಿದರು, ಕೀಯನ್ನು ಜಗಲಿಯ ಮೇಲಿಟ್ಟು ಹೊರಟರು. ಮಾರನೆಯ ದಿನ ಬರಲಿಲ್ಲ. ಲಕ್ಕೂರಿನ ಹತ್ತಿರ ಫ್ಯಾಕ್ಟರಿ ಕೆಲಸಕ್ಕೆ ಸೇರಿದರೆಂದು ಆಮೇಲೆ ತಿಳಿಯಿತು.

ರೇಷ್ಮೆ ಹುಳು ಸಾಕಿದವರಾದರೆ ನಿಮಗೆ ಗೊತ್ತಿರುತ್ತದೆ, ಅವಕ್ಕೆ ಘಾಟು ವಾಸನೆ ಆಗದು. ಕೆಲವೇ ದಿನಗಳಲ್ಲಿ ದೊಡ್ಡಮ್ಮನ ಹುಳುಗಳು ಸೊಪ್ಪು ಮುಟ್ಟದೆ ತಟ್ಟೆಯ ಅಂಚಿಗೆ ಸರಿದವು. ಹುಳುಮನೆಗೆ ಅವಳ ಹೊರತು ಯಾರೂ ಹೋಗುತ್ತಿರಲಿಲ್ಲ. ದೊಡ್ಡಪ್ಪ ಒಂದೆಲೆ ಎತ್ತಿ ಮೂಸಿದರು, ಡೀಸೆಲ್ ವಾಸನೆ. ದೊಡ್ಡಮ್ಮ ಅಲ್ಲೇ ಎಲ್ಲ ಒಪ್ಪಿಕೊಂಡಳು. ಪಕ್ಕದ ತೋಟದ ವೆಂಕಟಲಕ್ಷ್ಮಮ್ಮನ ಮೋಟಾರು ಸುಟ್ಟುಹೋಗಿತ್ತಂತೆ. ಹೊಂಡದ ನೀರೆತ್ತುವ ಹಳೆಯ ಎಂಜಿನ್ನಿಗೆ ಡೀಸೆಲ್ ಬೇಕಿತ್ತಂತೆ. ಬದುವಿನ ಜಗಳದಿಂದ ಆ ಮನೆಗೂ ಈ ಮನೆಗೂ ಮಾತಿರಲಿಲ್ಲ.

"ಕೇಳಿದ್ರೆ ನೀವು ಕೊಡ್ತಿರ್ಲಿಲ್ಲ. ಅವಳ ತೋಟ ಒಣಗ್ತಿತ್ತು" ಎಂದಳು.

ಮರುದಿನವೇ ದೊಡ್ಡಪ್ಪ ನನ್ನನ್ನೂ ಬೈಕಿನಲ್ಲಿ ಕೂರಿಸಿಕೊಂಡು ಲಕ್ಕೂರಿಗೆ ಹೋದರು. ತಪ್ಪಾಯಿತು, ವಾಪಸ್ ಬಾ ಎಂದು ನೆಲ ನೋಡುತ್ತ ಹೇಳಿದರು. ನಾರಾಯಣಪ್ಪಣ್ಣ ಟೀ ತರಿಸಿಕೊಟ್ಟರು.

"ಅನುಮಾನ ಬಂದಿದ್ದಕ್ಕೆ ಬೇಜಾರಿಲ್ಲ ಯಜಮಾನ್ರೇ. ನನ್ನನ್ನ ಒಂದ್ ಮಾತು ಕೇಳ್ಲಿಲ್ವಲ್ಲ."

ಅವರು ಬರಲಿಲ್ಲ. ನಾನೂ ಟೀ ಕುಡಿದು, ನೋಡಿದ್ದನ್ನು ಹೇಳದೆ ವಾಪಸ್ಸಾದೆ.

ನಿನ್ನೆ ಊಟ ಅರ್ಧಕ್ಕೆ ಬಿಟ್ಟು ನಾರಾಯಣಪ್ಪಣ್ಣನಿಗೆ ಫೋನು ಮಾಡಿದೆ. ಆ ಮಧ್ಯಾಹ್ನದ ವಿಷಯವನ್ನು ತಡವರಿಸುತ್ತ ಹೇಳಿಕೊಂಡೆ.

"ಶೆಡ್ಡಿನ ಹಿಂದೆ ನಾನೂ ಇದ್ದೆ ಕಣಮ್ಮ. ಅಮ್ಮ ಕ್ಯಾನ್ ಹಿಡ್ಕೊಂಡು ಹೋಗಿದ್ದೂ ನೋಡ್ದೆ, ನೀನು ಕಣ್ಣು ಮುಚ್ಚಿದ್ದೂ ನೋಡ್ದೆ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಎಂಟು ವರ್ಷ ಆ ಅಮ್ಮನ ಕೈಲಿ ಉಂಡೋನು, ಹೆಂಗ್ ಹೇಳ್ಲಿ? ಯಜಮಾನ್ರು ಕೇಳಿದ್ರೆ, ನಾನು ತೆಗ್ದಿಲ್ಲ ಅಂತಿದ್ದೆ, ಅಷ್ಟೆ. ನಂಬ್ತಿದ್ರು ಅಂತ ಇವತ್ತಿಗೂ ಅನ್ಕೊಂಡಿದೀನಿ."

ಈ ಭಾನುವಾರ ಹುತ್ತೂರಿಗೆ ಹೋಗುತ್ತಿದ್ದೇನೆ. ದೊಡ್ಡಪ್ಪನೆದುರು ಕೂತು ಇದಿಷ್ಟನ್ನೂ ಹೇಳಬೇಕು, ನನ್ನ ಪಾಲಿನದನ್ನೂ ಸೇರಿಸಿ.