ಎಡಗಡೆಯ ಸ್ಪೀಕರ್

ಮೂಡಿಗೆರೆಯಲ್ಲಿ ನನ್ನ ಗೊಬ್ಬರದಂಗಡಿಗೆ ಗೋಡೆ ಹಂಚಿಕೊಂಡೇ ರುದ್ರೇಶನ ಟಿವಿ ಅಂಗಡಿ ಇದೆ. ಟಿವಿ ಮಾರುವುದು ಹೆಸರಿಗೆ ಮಾತ್ರ. ಈಗ ಎಲ್ಲರೂ ಫೋನಿನಲ್ಲೇ ತರಿಸಿಕೊಳ್ಳುತ್ತಾರೆ. ಎಸ್ಟೇಟ್ ಮನೆಗಳಲ್ಲಿ, ಹೋಮ್‌ಸ್ಟೇಗಳಲ್ಲಿ ಹೋಮ್ ಥಿಯೇಟರ್ ಕೂರಿಸುವುದರಿಂದ ಅವನ ಸಂಸಾರ ನಡೆಯುತ್ತದೆ. ಜಗಳದ ಮನುಷ್ಯನಲ್ಲ. ಗಿರಾಕಿ ಬಾಯಿಗೆ ಬಂದಂತೆ ಬೈದರೂ "ಆಯ್ತು ಬಿಡಿ, ನೋಡಣ" ಎನ್ನುತ್ತಾನೆ. ಇಂಥವನನ್ನು ಊರು ಒಳ್ಳೆಯವನು ಎನ್ನುತ್ತದೆ. ನನಗೆ ಆ ಮಾತಿನ ಮೇಲೆ ಅಷ್ಟೇನೂ ನಂಬಿಕೆಯಿಲ್ಲ. ಯಾರಿಗೂ ಎದುರಾಡದವನು ಎಲ್ಲರಿಗೂ ಒಳ್ಳೆಯವನೇ ಆಗಿರುತ್ತಾನೆ.

ಅವನಿಗಿರುವ ಚಿಂತೆ ಒಂದೇ, ತಂಗಿ ಸೌಮ್ಯ. ಸಂಸೆಯ ಶಶಿಕಿರಣನಿಗೆ ಕೊಟ್ಟು ಮದುವೆ ಮಾಡಿದ್ದಾನೆ. ಮೂರು ವರ್ಷಗಳಿಂದ ಅವಳು ತವರಿನ ಹೊಸ್ತಿಲು ತುಳಿದಿಲ್ಲ. ಫೋನ್ ಮಾಡಿದರೆ "ಹೂಂ, ಇದ್ದೀನಿ" ಎಂದು ಇಟ್ಟುಬಿಡುತ್ತಾಳೆ. ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋದವನನ್ನು ಜಗಲಿಯಲ್ಲೇ ಕೂರಿಸಿ, ಕಾಫಿ ಕೊಟ್ಟು, ಹಾಗೇ ಕಳಿಸಿದಳು. ಅವಳು ಒಮ್ಮೆ ಮನೆಗೆ ಬಂದು ಒಂದು ಹೊತ್ತು ಊಟ ಮಾಡಿ ಹೋದರೆ ಸಾಕು ಎಂದು ಅವನು ನನ್ನೆದುರು ಎಷ್ಟು ಸಲ ಹೇಳಿದ್ದಾನೋ.

ಕಾರಣ ಇಷ್ಟು. ಮೂರು ವರ್ಷದ ಹಿಂದೆ ಅವಳು ಗಂಡನ ಮನೆ ಬಿಟ್ಟು ಬಂದಳು. ರುದ್ರೇಶ ವಿಷಯವನ್ನು ಜಾವಳಿಯ ಸೋಮಶೇಖರಪ್ಪನವರಲ್ಲಿಗೆ ಒಯ್ದ. ಸೋಮಶೇಖರಪ್ಪನವರು ದೊಡ್ಡ ಬೆಳೆಗಾರರು, ನಮ್ಮ ಜನಕ್ಕೆಲ್ಲ ಹಿರಿಯರು. ಪೊಲೀಸ್ ಸ್ಟೇಷನ್ನಿಗೆ ಹೋದರೆ ಮಾನ ಹೋಗುತ್ತದೆ, ನ್ಯಾಯಕ್ಕೆ ಅವರ ಮನೆಯ ಹಾಲಿಗೆ ಹೋದರೆ ಮಾನ ಉಳಿಯುತ್ತದೆ ಎಂಬುದು ನಮ್ಮವರ ಲೆಕ್ಕಾಚಾರ. ಯಾರ ಮಾನ ಎಂದು ಕೇಳುವವರು ಯಾರೂ ಇಲ್ಲ.

ಆ ಹಾಲಿನಲ್ಲಿ ಅವರದೊಂದು ಬೆತ್ತದ ಕುರ್ಚಿ. ಗಂಡಸರು ಅವರ ಎದುರಿಗೂ ಬಲಕ್ಕೂ ಬೆಂಚುಗಳ ಮೇಲೆ ಕೂರುತ್ತಾರೆ. ಹೆಂಗಸರು ಎಡಗಡೆ ಅಡುಗೆಮನೆ ಬಾಗಿಲ ಹತ್ತಿರ ನಿಲ್ಲುತ್ತಾರೆ. ಯಾರೂ ಹಾಗೆ ಗೊತ್ತುಮಾಡಿದ್ದಲ್ಲ, ಮೊದಲಿಂದ ನಡೆದು ಬಂದಿದೆ. ಸೌಮ್ಯ ಆ ಬಾಗಿಲಿಗೆ ಒರಗಿ ನಿಂತು, ತಲೆ ತಗ್ಗಿಸಿ ಹೇಳಿದಳಂತೆ: "ಕುಡ್ಕೊಂಡು ಬಂದು ಬೆಲ್ಟಲ್ಲಿ ಹೊಡೀತಾರೆ. ಮೊನ್ನೆ ಮಳೇಲಿ ಹೊರಗೆ ನೂಕಿ ಬಾಗಿಲು ಹಾಕ್ಕೊಂಡ್ರು. ನಾನು ವಾಪಸ್ ಹೋಗಲ್ಲ."

ಸೋಮಶೇಖರಪ್ಪನವರು ತೀರ್ಪು ಕೊಟ್ಟರು. "ನೋಡು ಮಗಾ, ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರ್ತದೆ, ಒಂದು ಮಾತು ಹೋಗ್ತದೆ. ಹೊಡ್ತ ಬಡ್ತ ಏನೂ ಇಲ್ವಲ್ಲ. ಹೊಂದ್ಕೊಂಡು ಹೋಗು."

ಹಾಲಿನಲ್ಲಿದ್ದ ಯಾರೂ ತುಟಿ ಬಿಚ್ಚಲಿಲ್ಲ. ಹಿರಿಯರು ಕೇಳಿಯೂ ಕೇಳದಂತಿರುವುದನ್ನು ನಾವು ದೊಡ್ಡತನ ಎನ್ನುತ್ತೇವೆ. ಸೌಮ್ಯ ಅವತ್ತೇ ಗಂಡನ ಜೊತೆ ಜೀಪು ಹತ್ತಿದಳು.

ಈ ಸಲ ಕಾಫಿಗೆ ಒಳ್ಳೆಯ ರೇಟು ಸಿಕ್ಕಿ, ಬೆಳೆಗಾರರ ಮನೆಗಳಿಗೆ ಇಲ್ಲದ ಆಸೆಗಳೆಲ್ಲ ಹುಟ್ಟಿಕೊಂಡವು. ಸೋಮಶೇಖರಪ್ಪನವರೂ ಹೋಮ್ ಥಿಯೇಟರ್ ಬೇಕೆಂದು ರುದ್ರೇಶನಿಗೇ ಹೇಳಿ ಕಳಿಸಿದರು. "ಹೋಗ್ತೀಯಾ?" ಎಂದು ಕೇಳಿದೆ. "ಹಿರಿಯರು ಕರ್ದಿದಾರೆ, ಇಲ್ಲ ಅನ್ನಕ್ಕಾಗ್ತದಾ ಮಾರಾಯ?" ಎಂದು ಸ್ಪೀಕರುಗಳನ್ನು ಓಮ್ನಿಗೆ ತುಂಬಿದ.

ಅದೇ ಹಾಲಿನಲ್ಲಿ, ಬೆತ್ತದ ಕುರ್ಚಿಯ ಎದುರು ಗೋಡೆಗೆ ಟಿವಿ, ಅದರ ಕೆಳಗೆ ಸ್ಪೀಕರುಗಳಿಗೆ ಶಬ್ದ ಹಂಚುವ ರಿಸೀವರ್. ಒಂದು ಸ್ಪೀಕರ್ ಟಿವಿಯ ಕೆಳಗೆ, ಎರಡು ಕುರ್ಚಿಯ ಹಿಂದೆ, ಧಂ ಎನ್ನುವ ದೊಡ್ಡ ಡಬ್ಬ ಮೂಲೆಗೆ. ಬಲಗಡೆಯದನ್ನು ಕಿಟಕಿಯ ಹತ್ತಿರ, ಎಡಗಡೆಯದನ್ನು ಅಡುಗೆಮನೆ ಬಾಗಿಲ ಪಕ್ಕ ಇಟ್ಟ. ವೈರಿನ ತುದಿ ಸುಲಿದು, ಎಳೆಗಳನ್ನು ಹುರಿ ಮಾಡಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸಿಕ್ಕಿಸಿದ. ಒಂದು ಎಳೆ ಅಡ್ಡಾದಿಡ್ಡಿ ತಗುಲಿದರೂ ರಿಸೀವರ್ ಆಫ್ ಆಗಿ ಕೂತುಬಿಡುತ್ತದೆ. ಡಿಶ್ ಬಾಕ್ಸು, ಪೆನ್‌ಡ್ರೈವ್ ಹಾಕುವ ಪ್ಲೇಯರು, ಎರಡರ ಎಚ್‌ಡಿಎಂಐ ವೈರೂ ರಿಸೀವರಿಗೆ ಬಂತು. ಅಲ್ಲಿಂದ ಒಂದೇ ವೈರು ಟಿವಿಗೆ ಹೋಯಿತು. ಎಲ್ಲ ಮುಗಿದ ಮೇಲೆಯೇ ಕರೆಂಟು ಕೊಟ್ಟ.

ಸೋಮಶೇಖರಪ್ಪನವರು ಬೆತ್ತದ ಕುರ್ಚಿಯಲ್ಲಿ ಕೂತು ವಚನಗಾಯನ ಹಾಕಿಸಿದರು. ಕೇಳಿ ಮುಖ ಸಿಂಡರಿಸಿದರು.

"ಎಡಗಡೆದು ಸತ್ತೋಗಿದೆಯಲ್ಲ ಮಾರಾಯ. ಎಂತ ಡೂಪ್ಲಿಕೇಟ್ ಮಾಲು ತಂದಿದೀಯ?"

ರುದ್ರೇಶ ಹತ್ತಿರ ಹೋಗಿ ಕಿವಿಯಿಟ್ಟ. ಸ್ಪೀಕರ್ ಚೆನ್ನಾಗಿಯೇ ಹಾಡುತ್ತಿತ್ತು. ಆದರೂ ವೈರು ಬದಲಿಸಿದ. ಎಡದ ಸ್ಪೀಕರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ತಂದಿಟ್ಟ. ಸ್ಪೀಕರೇ ಕೆಟ್ಟಿದ್ದರೆ ದೂರು ಈಗ ಬಲಕ್ಕೆ, ಕಿಟಕಿಯ ಕಡೆಗೆ ಹೋಗಬೇಕಿತ್ತು. "ಈಗಲೂ ಎಡಗಡೆದೇ" ಎಂದರು ಅವರು. ಕೊನೆಗೆ ಪರೀಕ್ಷೆಯ ಶಬ್ದ ಹಾಕಿದ. ಅದು ಒಂದೊಂದೇ ಸ್ಪೀಕರಿನಲ್ಲಿ ಸರದಿಯಂತೆ ಬುಸ್ ಎನ್ನುತ್ತದೆ. ಎಡಗಡೆಯದು ಬುಸುಗುಡುತ್ತಿರುವಾಗ ಸೋಮಶೇಖರಪ್ಪನವರು ಕಿಟಕಿಯ ಹೊರಗೆ ನೋಡುತ್ತಾ, "ಹೂಂ, ಶುರು ಮಾಡು ಮತ್ತೆ. ಎಂತಕ್ಕೆ ಕಾಯ್ತಿದೀಯ?" ಎಂದರು.

ಅಷ್ಟರಲ್ಲಿ ಅವರ ಹೆಂಡತಿ ಬಸಮ್ಮ ಕಾಫಿ ತಂದರು. ಅಡುಗೆಮನೆಯಿಂದ ಬಂದವರು ಎಡಕ್ಕೇ ನಿಂತು ಕೊಡಬಹುದಿತ್ತು. ಕುರ್ಚಿಯ ಹಿಂದಿನಿಂದ ಸುತ್ತಿ, ಬಲಗಡೆಗೆ ಬಂದು, ಬಗ್ಗಿ, "ಕಾಫಿ" ಎಂದರು. ರುದ್ರೇಶನ ಕೈಯಲ್ಲಿದ್ದ ರಿಮೋಟು ಅಲ್ಲೇ ನಿಂತಿತು. ಅವರ ಹಿಂದೆಯೇ ಅಡುಗೆಮನೆಗೆ ಹೋದ.

"ಅಮ್ಮಾ, ಯಜಮಾನ್ರಿಗೆ ಎಡಗಿವಿ..."

"ಮೆತ್ತಗೆ ಮಾತಾಡಪ್ಪ" ಎಂದರು ಬಸಮ್ಮ. ಯಾರಿಗೆ ಕೇಳಿಸಿಬಿಡುತ್ತದೆ ಎಂದೋ!

"ಯಾವಾಗಿಂದ?"

"ಆನೆ ಓಡ್ಸಕ್ಕೆ ಹೋದಾಗ ಗರ್ನಾಲು ಪಟಾಕಿ ಕಿವಿ ಪಕ್ಕದಲ್ಲೇ ಸಿಡೀತು. ಎಷ್ಟೋ ವರ್ಷ ಆಯ್ತು. ಎಡದ್ದು ಪೂರ್ತಿ ಹೋಗಿದೆ, ಬಲದ್ದೂ ಈಗ ಅರ್ಧನೇ. ಯಾರಿಗೂ ಹೇಳ್ಬೇಡ ಅಂದಿದಾರೆ."

"ಅವತ್ತು ನಮ್ಮ ಸೌಮ್ಯ ಹೇಳಿದ್ದು?"

ಬಸಮ್ಮ ಒಲೆಯ ಕಡೆ ತಿರುಗಿಕೊಂಡರು. "ನಾನು ಅವಳ ಪಕ್ಕದಲ್ಲೇ ನಿಂತಿದ್ನಪ್ಪ. ಅವರಿಗೆ ಕೇಳಿಸ್ಲಿಲ್ಲ ಅಂತ ಗೊತ್ತಾಯ್ತು. ಅಷ್ಟು ಜನದ ಎದುರು ನಿಮಗೆ ಕಿವಿ ಕೇಳಲ್ಲ ಅಂತ ಹೆಂಡ್ತಿಯಾದವಳು ಹೇಳಕ್ಕಾಗ್ತದಾ?"

ಆಮೇಲೆ ರುದ್ರೇಶನ ಬಾಯಿಂದ ಇದನ್ನು ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಸೌಮ್ಯ ಒಬ್ಬಳೇ? ಆ ಬಾಗಿಲ ಹತ್ತಿರ ನಿಂತು ಅತ್ತ ಸೊಸೆಯರು, ಪಾಲು ಕೇಳಿದ ವಿಧವೆಯರು, ಎಲ್ಲರೂ, ಹಿರಿಯರು ತೂಗಿ ನೋಡಿ ಹೇಳಿದ್ದಾರೆ ಎಂದುಕೊಂಡೇ ಮನೆಗೆ ಹೋದರು. ಬೆಂಚಿನ ಮೇಲೆ ಕೂತ ಗಂಡಸರ ಮಾತು ಮಾತ್ರ ಆ ಮನುಷ್ಯನಿಗೆ ಮುಟ್ಟುತ್ತಿತ್ತು. ಆ ಮನೆಯಿಂದ ನ್ಯಾಯ ತಂದವರಲ್ಲಿ ಗಂಡಸರೇ ಏಕೆ ಹೆಚ್ಚು ಎಂದು ನಾವು ಒಬ್ಬರೂ ಯೋಚಿಸಲಿಲ್ಲ.

ರುದ್ರೇಶ ಏನು ಮಾಡಿದ ಗೊತ್ತೇ? ಹಾಲಿಗೆ ವಾಪಸ್ ಬಂದು, ರಿಸೀವರಿನಲ್ಲಿ ಎಡಗಡೆಯ ಸ್ಪೀಕರ್ ಒಂದನ್ನೇ ಕೊನೆಯವರೆಗೂ ಏರಿಸಿದ. ಅಡುಗೆಮನೆಯ ಪಾತ್ರೆಗಳೆಲ್ಲ ಗುಂಯ್‌ಗುಟ್ಟಿದವು. ಸೋಮಶೇಖರಪ್ಪನವರು ತೊಡೆ ತಟ್ಟಿ, "ಹಾಂ, ಈಗ ಸರಿಯಾಯ್ತು ನೋಡು. ಕನೆಕ್ಷನ್ನೇ ಸರಿ ಕೊಟ್ಟಿರ್ಲಿಲ್ಲ ನೀನು" ಎಂದರು. "ಹೌದು ಯಜಮಾನ್ರೆ, ನಂದೇ ತಪ್ಪು" ಎಂದು ಕೈಮುಗಿದು ಬಂದ.

ನನ್ನಂಗಡಿಗೆ ಬಂದಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಂತೋಷವಿತ್ತು! "ಅವರು ಬೇಕಂತ ಮಾಡಿದ್ದಲ್ಲ ಮಾರಾಯ. ಅವಳ ಮಾತಿಗೆ ಬೆಲೆ ಕೊಡ್ಲಿಲ್ಲ ಅಂತ ತಾನೇ ಅವಳಿಗೆ ಸಿಟ್ಟು? ಇದನ್ನ ಹೇಳಿದ್ರೆ ಎಲ್ಲಾ ಸರಿಹೋಗ್ತದೆ" ಎಂದ. ಮರುದಿನ ಬೆಳಿಗ್ಗೆಯೇ ಕಳಸದ ಬಸ್ಸು ಹತ್ತಿ, ಅಲ್ಲಿಂದ ಜೀಪಿನಲ್ಲಿ ಸಂಸೆಗೆ ಹೋದ.

ಸೌಮ್ಯ ಕಣದಲ್ಲಿ ಕಾಫಿ ಹರಡುತ್ತಿದ್ದಳು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಳಂತೆ.

"ಎಂತ ಆಗಿದೆ ಅಂತ ಕೇಳಿದ್ಯಾ?" ಎಂದೆ ನಾನು, ಅವನು ವಾಪಸ್ ಬಂದು ಇದನ್ನು ಹೇಳುವಾಗ.

"ಮೊದ್ಲು ಈ ವಿಷಯ ಹೇಳ್ಬಿಡಣ ಅಂದ್ಕೊಂಡೆ" ಎಂದ.

ಸ್ಪೀಕರಿನ ಕತೆ, ಗರ್ನಾಲಿನ ಕತೆ, ಬಸಮ್ಮ ಹೇಳಿದ್ದು, ಒಂದೂ ಬಿಡದೆ ತಂಗಿಗೆ ಹೇಳಿದ. ಅವಳು ಕಾಫಿ ಎಳೆಯುತ್ತಿದ್ದ ಹಲುಬೆಯನ್ನು ನೆಲಕ್ಕೂರಿ ಪೂರ್ತಿ ಕೇಳಿದಳು.

"ಅವರಿಗೆ ಕೇಳಿಸ್ಲಿಲ್ಲ, ಸರಿ" ಎಂದಳು. "ನೀನು ಎದುರುಗಡೆ ಬೆಂಚಲ್ಲೇ ಕೂತಿದ್ಯಲ್ಲ ಅಣ್ಣ. ನಿಂಗೆ ಕೇಳಿಸಿತ್ತಲ್ಲ?"

ಇದನ್ನು ಹೇಳುವಾಗ ರುದ್ರೇಶ ನನ್ನ ಅಂಗಡಿಯ ಗೊಬ್ಬರದ ಮೂಟೆಯ ಮೇಲೆ ಕೂತಿದ್ದ.

"ನೀನೆಂತ ಹೇಳ್ದೆ?" ಎಂದು ಕೇಳಿದೆ.

"ಏನೂ ಇಲ್ಲ" ಎಂದ. "ಜೀಪು ಬಂತು, ಹತ್ಕೊಂಡೆ."